ಆರು ಇಂಚು

ಫಾಲ್ ರಿವರ್‌ನಲ್ಲಿ ಮೂರಂತಸ್ತಿನ ಮರದ ಮನೆ,
ನಡು ಅಂತಸ್ತು ಮೆದೈರೋಸರದು.
ಅಜೋರ್ಸ್ ದ್ವೀಪದಿಂದ ಬಂದವರು, ನನ್ನ ಅಪ್ಪನ ಹಾಗೆ.
ನಾನು ನೊರ್ಬೆರ್ತು, ಅಡುಗೆಮನೆಗೆ ಕಪಾಟು ಕೂರಿಸುವ ಬಡಗಿ.
ಕಿವಿಯ ಹಿಂದೆ ಪೆನ್ಸಿಲು, ಸೊಂಟದಲ್ಲಿ ಟೇಪು.

ಹಳೆಯ ಒಲೆ ಮೂವತ್ತು ಇಂಚು.
ಎಡಹಿಂದಿನ ಬರ್ನರ್ ಸತ್ತು ಎರಡು ವರ್ಷ,
ಅದರ ಮೇಲೆ ಉಪ್ಪಿನ ಡಬ್ಬಿ ಸಂಸಾರ ಹೂಡಿದೆ.
ಹೊಸದು ಎಷ್ಟಿರಲಿ?
ಮೂವತ್ತೇ ಸಾಕು ಎಂದಳು ದೆಯೋಲಿಂದ.
ಮೂವತ್ತಾರು ಎಂದಳು ಮಗಳು ಝುಲ್ಮೀರ.
ಮೂರು ವಾರ ಅಳೆದೂ ಸುರಿದೂ
ಕೊನೆಗೆ ಇಬ್ಬರೂ ನನ್ನ ಮುಖ ನೋಡಿದರು,
ಆ ಆರು ಇಂಚು ನನ್ನ ಜೇಬಿನಲ್ಲಿದ್ದ ಹಾಗೆ.

ಒಲೆ ಅಗಲವಾದರೆ ಗೋಡೆ ಅಗಲವಾಗುವುದಿಲ್ಲ.
ಬಲಗಡೆಯ ಕಪಾಟಿನಿಂದ ಕುಯ್ಯಬೇಕು:
ಮಾತ್ರೆಯ ಡಬ್ಬಿ, ದಾರದುಂಡೆ, ಮಡಿಸಿಟ್ಟ ಪ್ಲಾಸ್ಟಿಕ್ ಚೀಲ,
ಅಂಥವಕ್ಕೂ ಒಂದು ಮನೆ ಬೇಕಲ್ಲ.
ಓವನ್ ಬಾಗಿಲು ಕೆಳಗಿಳಿದರೆ
ಫ್ರಿಜ್ಜಿನ ಮೊಣಕಾಲಿಗೆ ತಾಗೀತು.
ಬಿಸಿ ಪಾತ್ರೆ ಇಳಿಸಲು ಪಕ್ಕದಲ್ಲಿ
ಒಂದು ಮೊಳ ಕಟ್ಟೆಯಾದರೂ ಬೇಡವೇ?
ಎಲ್ಲ ಹೇಳಿದೆ. ಹೇಳುವುದು ನನ್ನ ಕಸುಬು.

ರಟ್ಟು ಕತ್ತರಿಸಿ ನೆಲಕ್ಕೆ ಹಾಸಿದೆ,
ದೊಡ್ಡದರ ಮೇಲೆ ಚಿಕ್ಕದು.
ದೆಯೋಲಿಂದ ಚಪ್ಪಲಿ ಬಿಟ್ಟು ಅದರೆದುರು ನಿಂತಳು.
ಇಲ್ಲದ ಸೌಟಿನಿಂದ ಇಲ್ಲದ ಸೊಪ್ಪಿನ ಸೂಪು ಕದಡಿದಳು,
ಇಲ್ಲದ ಉಪ್ಪಿಗೆ ಕೈ ಚಾಚಿದಳು.
"ಇಷ್ಟು ದೂರವೇ? ಮೂರು ಜನಕ್ಕೆ?"
ವರ್ಷಕ್ಕೆ ಎಷ್ಟು ಸಲ ದೊಡ್ಡ ಅಡುಗೆ? ಬೆರಳು ಮಡಿಸಿದಳು:
ಕ್ರಿಸ್‌ಮಸ್. ಈಸ್ಟರ್.
ಮೂರನೆಯ ಬೆರಳು ಅರ್ಧ ಮಡಿದು ನಿಂತಿತು.
"ಯಾರಾದರೂ ಸತ್ತರೆ," ಎಂದಳು ಮಗಳು.
"ಸತ್ತರೆ ನೆರೆಯವರು ತರುತ್ತಾರೆ."

ಇಷ್ಟಾದರೂ ಲೌರ್ಯಾನು ತುಟಿ ಬಿಚ್ಚಲಿಲ್ಲ.
ಕಿಟಕಿಯ ಬಳಿ ಕುರ್ಚಿ, ಮಡಿಲಲ್ಲಿ ಟೋಪಿ.
ಮೂವತ್ತೊಂದು ವರ್ಷ ರಾತ್ರಿ ಎರಡಕ್ಕೆ ಎದ್ದು
ಇಳಿಜಾರು ಬೀದಿಯ ಬೇಕರಿಯಲ್ಲಿ
ಸಿಹಿ ಬ್ರೆಡ್ಡಿಗೆ ಹಿಟ್ಟು ನಾದಿದವನು.
ಬೇಕರಿ ಮುಚ್ಚಿದ ದಿನ, ಸಂಬಳದ ಬಾಕಿಗೆ,
ಒಂದು ಟ್ರೇ ಕೊಟ್ಟರು. ಕಂಕುಳಲ್ಲಿಟ್ಟು ನಡೆದೇ ಬಂದ.
ಆಮೇಲೆ ಹಿಟ್ಟು ಮುಟ್ಟಲಿಲ್ಲ.

ಆ ಟ್ರೇ ಈಗ ಬಾಗಿಲ ಹಿಂದೆ ನೆಲದ ಮೇಲಿದೆ.
ಹಿಮ ಮೆತ್ತಿದ ಬೂಟುಗಳು ಅದರಲ್ಲಿ ನಿಂತು ನೀರಿಳಿಸುತ್ತವೆ.
ಒಂಬತ್ತು ಚಳಿಗಾಲದ ರಸ್ತೆಯುಪ್ಪು ಅಂಚಿನುದ್ದಕ್ಕೂ ಬೆಳ್ಳಗೆ.

ಝುಲ್ಮೀರ ಬೂಟುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು.
ನನ್ನ ಕಡೆ ಕೈ ಚಾಚಿದಳು. ಟೇಪು ಕೊಟ್ಟೆ.
ಇಪ್ಪತ್ತಾರು ಇಂಚು.
ಮೂವತ್ತರ ಒಲೆಯ ಹೊಟ್ಟೆಯೊಳಗೆ
ಇಪ್ಪತ್ತಾರು ಹಿಡಿಯುವುದಿಲ್ಲ. ಅದು ನನಗೆ ಗೊತ್ತು,
ಅವಳಿಗೂ ಗೊತ್ತಿತ್ತು, ಗೊತ್ತಿದ್ದೇ ಮೂರು ವಾರ
ಬರ್ನರುಗಳ ಲೆಕ್ಕ ಹೇಳಿ ಜಗಳವಾಡಿದ್ದಳು.
ಟೇಪು ಸರ್ರೆಂದು ಗೂಡಿಗೆ ಮರಳಿತು.
ಆ ಸದ್ದಿಗೆ ಮುದುಕ ತಲೆಯೆತ್ತಿ ಟ್ರೇ ನೋಡಿದ.
"ಅಂಚು ಸೊಟ್ಟಗಾಗಿದೆ," ಎಂದ. ಅಷ್ಟೆ.

ದೆಯೋಲಿಂದ ರಟ್ಟಿನ ಬಳಿ ಬಹಳ ಹೊತ್ತು ನಿಂತಿದ್ದಳು.
ಚಿಕ್ಕ ರಟ್ಟನ್ನು ಕಾಲ್ಬೆರಳಿನಿಂದ ಗೋಡೆಗೆ ಸರಿಸಿ,
"ಕುಯ್ಯಿ," ಎಂದಳು ನನಗೆ, ಕಪಾಟು ತೋರಿಸಿ.
"ಆದರೆ ಬೂಟು ಇನ್ನು ಎಲ್ಲಿಡೋದು?"
ಯಾರೂ ಉತ್ತರ ಕೊಡಲಿಲ್ಲ.

ಫೆಬ್ರವರಿಯಲ್ಲಿ ಕರೆದರು, ಒಂದು ಡ್ರಾಯರ್ ಬಿಗಿಯಂತೆ.
ಹೊರಗೆ ಮೊಣಕಾಲುದ್ದ ಹಿಮ.
ಬಾಗಿಲ ಹಿಂದೆ ಹಳೆಯ ಪೇಪರು ಹಾಸಿತ್ತು.
ಬೂಟು ಬಿಚ್ಚಿ ಅದರ ಮೇಲಿಟ್ಟೆ, ಯಾರದೋ ಫೋಟೋ ಒದ್ದೆಯಾಯಿತು.
ಒಳಗೆ ಹೋಗಿ ಡ್ರಾಯರಿನ ಅಂಚು ಹೆರೆದೆ,
ಹೊಟ್ಟು ಗುಡಿಸಿದೆ.
ಓವನ್ನಿನ ಬಾಗಿಲು ತೆರೆದು ನೋಡುವುದು
ನನ್ನ ಕಸುಬಲ್ಲ.